ನಾಯಿಮರಿಗೆ ಮೊದಲ ಪಾಠ ಯಾವಾಗ?

ಮಕ್ಕಳ ಹಟಕ್ಕೆ ಸೋತು ನಾವೂ 8 ವಾರದ ಲ್ಯಾಬ್ರಡಾರ್ ಮರಿಯೊಂದನ್ನು ತಂದೆವು. "ಇನ್ನೂ ಕೂಸು, ಆರು ತಿಂಗಳಾಗಲಿ" ಎಂದು ಪಾಠ ಮುಂದೂಡಿದೆ. ಅದೇ ತಪ್ಪಾಯಿತು. ಊರಿನಿಂದ ಅಮ್ಮ ಬಂದಾಗ ಸೀರೆಯ ಸೆರಗು ಕಂಡರೂ ಹೆದರಿ ಬೊಗಳುತ್ತಿತ್ತು. ಅಮ್ಮನೂ ಕೋಣೆಯಿಂದ ಹೊರಬರಲು ಅಂಜುತ್ತಿದ್ದರು.

ಮರಿ ಹೊಸದನ್ನು ಸುಲಭವಾಗಿ ಒಪ್ಪುವುದು ಸುಮಾರು 3ರಿಂದ 14 ವಾರಗಳ ನಡುವೆ. ಆಮೇಲೆ ಹೊಸದೆಂದರೆ ಭಯ ಹೆಚ್ಚು. ಆದ್ದರಿಂದ ಮನೆಗೆ ಬಂದ ದಿನವೇ ಪಾಠ ಶುರುವಾಗಲಿ. ಮಿಕ್ಸಿ ಸದ್ದು, ಕೊಡೆ, ಮಕ್ಕಳು, ಹಿರಿಯರು, ಎಲ್ಲವನ್ನೂ ತುಸು ದೂರದಿಂದ, ತಿಂಡಿ ಕೊಡುತ್ತಾ ಪರಿಚಯಿಸಿ. ಲಸಿಕೆಗಳು ಮುಗಿಯುವ ತನಕ ಕಂಡ ನಾಯಿಗಳೆಲ್ಲ ಓಡಾಡುವ ಪಾರ್ಕ್ ಬೇಡ, ಎತ್ತಿಕೊಂಡು ಸುತ್ತಾಡಿಸಿ. ಮರಿಗಳ ತರಗತಿಗೆ ಸಾಮಾನ್ಯವಾಗಿ ಮೊದಲ ಲಸಿಕೆಯಾಗಿ 7 ದಿನ ಕಳೆದರೆ ಸಾಕು. ನಿಮ್ಮ ವೆಟ್ ಅವರನ್ನು ಕೇಳಿಕೊಳ್ಳಿ.

ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 2-3 ನಿಮಿಷ ಸಾಕು. ತಿಂಡಿಯನ್ನು ಮೂಗಿನ ಮೇಲಿಂದ ಹಿಂದಕ್ಕೆ ಸರಿಸಿದರೆ ಮರಿ ತಾನಾಗಿಯೇ ಕೂರುತ್ತದೆ. ಕೂತ ಕ್ಷಣವೇ ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ನಿದ್ದೆಯಿಂದ ಎದ್ದಾಗ, ತಿಂದಾಗ, ಆಡಿದ ಮೇಲೆ ಹೊರಗೆ ಕರೆದೊಯ್ಯಿರಿ. ಮನೆಯೊಳಗೆ ಒದ್ದೆ ಮಾಡಿದರೆ ಸುಮ್ಮನೆ ಒರೆಸಿಬಿಡಿ. ಬೈದರೆ ಮೂಲೆಯಲ್ಲಿ ಕದ್ದು ಮಾಡುವುದನ್ನು ಕಲಿಯುತ್ತದೆ!

ಮನೆಮಂದಿಯೆಲ್ಲ ಒಂದೇ ಪದ ಬಳಸಿ. ನಮ್ಮಲ್ಲಿ ಮಕ್ಕಳು "ಸಿಟ್", ನಾವು "ಕೂತ್ಕೋ" ಎಂದು ಮರಿಯನ್ನು ಗೊಂದಲಕ್ಕೆ ಕೆಡವಿದ್ದೆವು. ಹಾಗೆಯೇ, ಈರುಳ್ಳಿ ದೋಸೆ, ದ್ರಾಕ್ಷಿ ಹಾಕಿದ ಪಾಯಸ ಕೊಡಲೇಬೇಡಿ. ನಾಯಿಗೆ ಅವು ವಿಷ.

ತಡವಾದರೂ ಕಲಿಸಬಹುದು, ತಾಳ್ಮೆ ಮಾತ್ರ ಹೆಚ್ಚು ಬೇಕು. ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಅವರ "ಕೂತ್ಕೋ" ಕೇಳಿ ನಮ್ಮ ಮರಿ ಕೊನೆಗೂ ಕೂತಿತು.