ಲ್ಯಾಟಿನ್ನಿನ ವಿಭಕ್ತಿಪಾಠ

‘ರಾಮಃ ರಾಮೌ ರಾಮಾಃ’ ಎಂದು ಬಾಲ್ಯದಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವನಿಗೆ ಲ್ಯಾಟಿನ್ ವ್ಯಾಕರಣದ ಮೊದಲ ಪುಟಗಳು ಸರ್ವಥಾ ಅಪರಿಚಿತವಾಗಿ ತೋರಲಾರವು. ಸಂಸ್ಕೃತದ ‘ದೇವಃ, ದೇವಂ’ ರೂಪಗಳಿಗೆ ಅಲ್ಲಿ ‘ದೆಉಸ್, ದೆಉಮ್’ ಎಂಬವು ಸಂವಾದಿಗಳು. ‘ರಾಜಭ್ಯಃ’ ಎಂಬ ಬಹುವಚನಕ್ಕೆ ‘ರೇಗಿಬುಸ್’ ಎದುರಾಗುತ್ತದೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತನಾಡಿದ ಸರ್ ವಿಲಿಯಂ ಜೋನ್ಸನು, ಈ ಎರಡು ಭಾಷೆಗಳೂ ಗ್ರೀಕೂ ಏಕಮೂಲದಿಂದ ಹೊರಟಿರಬೇಕೆಂದು ಪ್ರತಿಪಾದಿಸಿದುದು ವ್ಯಾಕರಣದ ಇಂತಹ ಸಾಮ್ಯಗಳನ್ನೂ ಆಧರಿಸಿಯೇ.

ಆದರೂ ಕನ್ನಡಿಗನ ಅಭ್ಯಾಸಕ್ಕೆ ಒಂದು ತೊಡಕುಂಟು. ‘ಮರಗಳಿಂದ’ ಎಂಬಲ್ಲಿ ನಮಗೆ ಬಹುವಚನಕ್ಕೊಂದು, ವಿಭಕ್ತಿಗೊಂದು ಪ್ರತ್ಯಯ. ಲ್ಯಾಟಿನ್ನಿನಲ್ಲಾದರೋ ಒಂದೇ ಪ್ರತ್ಯಯವು ಎರಡನ್ನೂ ಹೊತ್ತು, ನಾಮಪದದ ಐದು ವರ್ಗಗಳಿಗನುಸಾರವಾಗಿ ರೂಪ ಬದಲಿಸುತ್ತದೆ. ವಿಭಕ್ತಿಗಳೇನೋ ಸಂಬೋಧನೆ ಸೇರಿ ಆರೇ. ನಮ್ಮ ತೃತೀಯೆ, ಪಂಚಮಿಗಳ ಕೆಲಸವನ್ನೂ ಸಪ್ತಮಿಯ ಬಹುಭಾಗವನ್ನೂ ಕೊನೆಯದೊಂದೇ ವಹಿಸಿಕೊಂಡಿದೆ. ಗ್ರೀಕಿನಲ್ಲಿ ಇಲ್ಲದ ಇದನ್ನು ಪ್ರಾಚೀನ ವೈಯಾಕರಣ ವಾರೋ ‘ಆರನೆಯ ವಿಭಕ್ತಿ’ ಎಂದೇ ಕರೆದನು.

‘ಅಗ್ರಿಕೊಲ ರೇಗೀನೈ ರೊಸಮ್ ದತ್’, ಎಂದರೆ ‘ರೈತನು ರಾಣಿಗೆ ಗುಲಾಬಿಯನ್ನು ಕೊಡುತ್ತಾನೆ’ ಎಂಬ ವಾಕ್ಯವನ್ನು ಪರಿಶೀಲಿಸೋಣ. ಪದಗಳನ್ನು ಹೇಗೆ ಹಿಂದುಮುಂದಾಗಿಸಿದರೂ ‘ರೊಸಮ್’ ಕರ್ಮವಾಗಿಯೇ ಉಳಿಯುವುದು. ‘ರೇಗೀನೈ’ ಮಾತ್ರ ರಾಣಿಗೆ, ರಾಣಿಯ, ರಾಣಿಯರು ಎಂಬ ಮೂರರ್ಥಗಳಿಗೂ ಒದಗುವಂಥದು. ಕ್ರಿಯಾಪದವು ಏಕವಚನದಲ್ಲಿರುವುದರಿಂದ ರಾಣಿಯರು ಕರ್ತೃಗಳಾಗಲಾರರು, ಕೊಡುವ ಕ್ರಿಯೆಯು ಪಡೆಯುವವರೊಬ್ಬರನ್ನು ಅಪೇಕ್ಷಿಸುವುದರಿಂದ ಚತುರ್ಥಿಯೇ ಸಹಜವಾಗುತ್ತದೆ. ಈ ವಿವೇಚನೆಯನ್ನು ಯಾವ ಕೋಷ್ಟಕವೂ ಕಲಿಸದು. ಆದುದರಿಂದ ಪ್ರತ್ಯಯಗಳನ್ನು ಬರಿದೆ ಉರುಹಚ್ಚುವುದಕ್ಕಿಂತ, ಮೊದಲ ದಿನದಿಂದಲೇ ಅವನ್ನು ವಾಕ್ಯಗಳೊಳಗೆ ಕಾಣುವುದು ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯ ವರ್ಗವು ಎಲ್ಲಕ್ಕಿಂತ ಕಠಿನ. ‘ರೇಕ್ಸ್’ (ಅರಸ) ಎಂಬ ಪ್ರಥಮೆಯಲ್ಲಿ ಮರೆಯಾದ ಪ್ರಕೃತಿಯು ‘ರೇಗಿಸ್’ ಎಂಬ ಷಷ್ಠಿಯಲ್ಲಿ ಪ್ರಕಟವಾಗುತ್ತದೆ. ‘ಇತೆರ್’ (ಪ್ರಯಾಣ) ಎಂಬುದು ‘ಇತಿನೆರಿಸ್’ ಆದೀತೆಂದು ಊಹಿಸುವ ಬಗೆಯೇ ಇಲ್ಲ. ನಿಘಂಟುಗಳು ಪ್ರಥಮೆಯ ಪಕ್ಕದಲ್ಲಿ ಷಷ್ಠಿಯನ್ನೂ ಅಚ್ಚಿಸುವುದು ಇದಕ್ಕಾಗಿಯೇ. ವಿದ್ಯಾರ್ಥಿಯು ಈ ಜೋಡಿಯನ್ನು ಒಂದೇ ಉಸಿರಿನಲ್ಲಿ ಕಲಿಯತಕ್ಕದ್ದು.

ಹ್ರಸ್ವದೀರ್ಘಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ‘ರೊಸ’ ಎಂದರೆ ಪ್ರಥಮೆ, ‘ರೊಸಾ’ ಎಂದರೆ ಆರನೆಯ ವಿಭಕ್ತಿ. ಸಾಧಾರಣ ಮುದ್ರಣದಲ್ಲಿ ಎರಡಕ್ಕೂ ಒಂದೇ ಬರಹ, ಕನ್ನಡ ಲಿಪಿಯಲ್ಲಿಯೋ ಭೇದವು ಕಣ್ಣಿಗೇ ಕಾಣುವುದು. ವರ್ಜಿಲನ ಛಂದಸ್ಸೂ ನಮ್ಮದರಂತೆ ಲಘುಗುರುಗಳನ್ನೇ ನಂಬಿದುದಾದ ಕಾರಣ, ಆತನ ಪದ್ಯಕ್ಕೆ ಪ್ರಸ್ತಾರ ಹಾಕಿದರೆ ಇಂಥ ಪದವು ಯಾವ ವಿಭಕ್ತಿಯದೆಂಬುದು ಎಷ್ಟೋ ಕಡೆ ಅಲ್ಲಿಯೇ ನಿರ್ಣಯವಾಗುತ್ತದೆ.