ನೀವು ಯಾವ ಚರ್ಚಿನವರು?

ಕ್ರೈಸ್ತರಲ್ಲದ ಗೆಳತಿಯರು ಡಿಸೆಂಬರ್ ಬಂತೆಂದರೆ ನನ್ನನ್ನು ಕೇಳುವುದು, "ಈ ಸಲ ಕೇಕ್ ಯಾವಾಗ?" ಎಂದು. ಕ್ರೈಸ್ತರು ಕೇಳುವುದೇ ಬೇರೆ: "ನೀವು ಯಾವ ಚರ್ಚಿನವರು?" ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ, ತುಮಕೂರಿಗೆ ಬಂದು ಹದಿನೆಂಟು ವರ್ಷವಾದರೂ, ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಬಂದಿಲ್ಲ.

ನಾನು ಗುಬ್ಬಿಯವಳು, ಸಿ.ಎಸ್.ಐ. ಮನೆತನ. ನಮ್ಮ ಮನೆಯವರು ಕುಣಿಗಲ್ ಕಡೆಯವರು, ಕ್ಯಾಥೊಲಿಕ್. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಅಲ್ಲಿ, ಒಂದು ಭಾನುವಾರ ಇಲ್ಲಿ ಹೋಗುತ್ತಿದ್ದೆವು. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಎರಡು ಭಾಷೆ, ಎರಡೂ ಕನ್ನಡವೇ! ನಾನು 'ಕರ್ತನೇ' ಎಂದರೆ ಅವರು 'ಪ್ರಭುವೇ' ಎನ್ನುತ್ತಿದ್ದರು. ನನ್ನ ಕೈಯಲ್ಲಿ ಸತ್ಯವೇದ, ಅವರ ಕೈಯಲ್ಲಿ ಪವಿತ್ರ ಬೈಬಲ್. ನಾನು ಆರಾಧನೆಗೆ ಹೋಗುವವಳು, ಅವರು ಬಲಿಪೂಜೆಗೆ. ಮಗಳು ಹುಟ್ಟಿದಾಗ ಅವಳಿಗೆ ಮಾಡಿಸುವುದು ನಮ್ಮ ಕಡೆ ಹೇಳುವ ದೀಕ್ಷಾಸ್ನಾನವೋ, ಅವರ ಕಡೆ ಹೇಳುವ ಜ್ಞಾನಸ್ನಾನವೋ ಎಂಬ ಮಾತು ಎದ್ದಿತು. ಆರು ತಿಂಗಳು ಇಬ್ಬರು ಅಜ್ಜಿಯರೂ ಫೋನಿನಲ್ಲಿ ಮಗುವಿನ ನೆಗಡಿ ಕೆಮ್ಮು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಆ ಹೊತ್ತಿನಲ್ಲಿ ಪಕ್ಕದ ಮನೆಯಾಕೆ, "ನಮ್ಮ ಸಭೆಗೆ ಒಂದು ಸಲ ಬನ್ನಿ, ಅಲ್ಲಿ ಯಾರೂ ಏನೂ ಕೇಳಲ್ಲ" ಎಂದು ಕರೆದುಕೊಂಡು ಹೋದರು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒಂದು ಶಿಲುಬೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಗೋಪುರವಿಲ್ಲ, ಗಂಟೆಯಿಲ್ಲ, ಬಿಷಪ್ಪರಿಲ್ಲ. ನಿಜಕ್ಕೂ ಯಾರೂ ಏನೂ ಕೇಳಲಿಲ್ಲ. ಪಾಸ್ಟರಮ್ಮ ಬಂದು ಮಗುವನ್ನು ಎತ್ತಿಕೊಂಡು, "ನೀವು ಆರಾಮಾಗಿ ಕೂತ್ಕೊಳ್ಳಿ ಸಿಸ್ಟರ್" ಎಂದರು. ಎಷ್ಟೋ ತಿಂಗಳ ಮೇಲೆ ಒಂದೂವರೆ ಗಂಟೆ ನನ್ನ ತೊಡೆ ಖಾಲಿಯಾಗಿತ್ತು. ನಾನು ಅಲ್ಲಿ ಉಳಿದದ್ದು ಉಪದೇಶ ಕೇಳಿ ಎಂದು ಹೇಳಿಕೊಳ್ಳಬಹುದು. ಮೊದಲ ಕಾರಣ ಮಾತ್ರ ಅದೇ.

ಉಳಿದವರು ಬಂದ ದಾರಿಗಳೂ ಹೀಗೇ ಚಿಕ್ಕಚಿಕ್ಕವು. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬೀದರಿನ ಹುಡುಗನೊಬ್ಬ ರೂಮಿನಲ್ಲಿ ಜ್ವರ ಬಂದು ಮಲಗಿದ್ದಾಗ ನಮ್ಮವರೊಬ್ಬರು ನಾಲ್ಕು ದಿನ ಗಂಜಿ ಮಾಡಿ ಕೊಟ್ಟರು. ಐದನೆಯ ದಿನ ಭಾನುವಾರವಾಗಿತ್ತು. ಗುಬ್ಬಿಯ ಒಬ್ಬ ತಾಯಿ ಮಗನ ಕುಡಿತ ಬಿಡಿಸಲು ಎಲ್ಲ ಕಡೆ ಸುತ್ತಿ ಬಂದವರು. ಮಗ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಸಂಬಳದ ದಿನ ಇಬ್ಬರು ಹುಡುಗರು ಹೋಗಿ ಅವನನ್ನು ಕಾರ್ಖಾನೆ ಗೇಟಿನಿಂದ ಸೀದಾ ಮನೆಗೆ ಕರೆತರುತ್ತಾರೆ, ಅಷ್ಟು ಸಾಕು ಎನ್ನುತ್ತಾರೆ ಆಕೆ. ಕುಣಿಗಲ್ಲಿನಲ್ಲಿ ಗುರುವಾರ ಸಂಜೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಅಲ್ಲಿಂದ ಭಾನುವಾರ ತುಮಕೂರಿಗೆ ಬರುವ ಹೆಂಗಸರ ಸಂಖ್ಯೆ 2023ರ ಜೂನ್ ನಂತರ ಏರಿತು. ಪಾಸ್ಟರು ಅದನ್ನು ಉಪವಾಸ ಪ್ರಾರ್ಥನೆಯ ಫಲ ಎಂದರು. ಆ ತಿಂಗಳೇ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ತಪ್ಪಿತ್ತು ಎಂಬುದನ್ನು ನಾನು ಮೆಲ್ಲಗೆ ನೆನಪಿಸಿದೆ. ಎರಡೂ ಇರಬಹುದು ಎಂದು ಅವರೂ ನಕ್ಕರು.

ಪಂಗಡವೇ ಬೇಡ ಎನ್ನುವುದು ಏನೋ ಹೊಸ ಕಾಲದ ಹುಚ್ಚು ಎಂದು ನಮ್ಮ ತಂದೆಗೆ ಬೇಸರವಿತ್ತು. ಆದರೆ ನಮ್ಮ ಪಂಗಡಗಳಾದರೂ ಬಂದದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ ಮಂಗಳೂರು, ಧಾರವಾಡದ ಕಡೆ ಕೆಲಸ ಮಾಡಿತು; ಲಂಡನ್ ಮಿಷನ್ ಬಳ್ಳಾರಿ, ಬೆಂಗಳೂರಿನಲ್ಲಿ. ನಮ್ಮ ಮೈಸೂರು ಸೀಮೆಯ ಊರುಗಳಿಗೆ ಬಂದವರು ಹೆಚ್ಚಾಗಿ ವೆಸ್ಲಿಯನ್ನರು. ಗುಬ್ಬಿಯಲ್ಲಿ ಅವರ ಕೆಲಸ ಶುರುವಾದದ್ದು 1837ರಲ್ಲಿ, ಥಾಮಸ್ ಹಾಡ್ಸನ್ ಅವರ ಕಾಲದಲ್ಲಿ. ಎರಡು ವರ್ಷದ ನಂತರ ಬಂದ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣ ಗುಬ್ಬಿಯಲ್ಲಿ ಕನ್ನಡ ಕಲಿತು, ಕಣ್ಣಿನ ತೊಂದರೆಯಿಂದ 1841ರಲ್ಲಿ ತಮ್ಮ ದೇಶಕ್ಕೆ ಮರಳಿದರು. 1847ರಲ್ಲಿ ಅವರು ಬರೆದ 'ಎ ಮಿಷನ್ ಟು ದಿ ಮೈಸೂರ್', 1877ರಲ್ಲಿ ಹಾಡ್ಸನ್ ಬರೆದ 'ಓಲ್ಡ್ ಡೇನಿಯಲ್' ಎರಡರಲ್ಲೂ ನಮ್ಮ ಗುಬ್ಬಿ ಇದೆ. ಎರಡನೆಯದಂತೂ ಕ್ರೈಸ್ತನಾದ ಒಬ್ಬ ಹಳ್ಳಿಗನ ಕತೆ. ರಾಜರ ಕತೆ ಬರೆಯುವವರು ಬಹಳ ಜನ. ನಮ್ಮ ಕಡೆಯ ಒಬ್ಬ ಸಾಮಾನ್ಯನ ಬದುಕನ್ನು ಆ ಕಾಲದಲ್ಲೇ ಪುಸ್ತಕ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಅಂತೂ, ಯಾವ ಮಿಷನ್ನಿನ ಎತ್ತಿನಗಾಡಿ ಊರಿಗೆ ಮೊದಲು ಬಂತೋ ಅದೇ ಆ ಊರಿನವರ ಪಂಗಡವಾಯಿತು. ಇಂಗ್ಲೆಂಡಿನ ಜಗಳ ನಮ್ಮ ಅಜ್ಜಂದಿರಿಗೆ ಉಡುಗೊರೆಯಾಗಿ ಸಿಕ್ಕಿತು. ಅದು ಸಾಕೆನಿಸಿಯೇ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಒಂದಾದವು. ಅದೇ ಚರ್ಚ್ ಆಫ್ ಸೌತ್ ಇಂಡಿಯಾ, ನಮ್ಮ ಸಿ.ಎಸ್.ಐ. ದೇಶ ಇಬ್ಭಾಗವಾದ ಮರುತಿಂಗಳೇ ದಕ್ಷಿಣದ ಸಭೆಗಳು ಸೇರಿಕೊಂಡವು. ಅಮೆರಿಕದ ಮಿಷನ್ನಿನಿಂದ ಬೆಳೆದ ಬೀದರಿನ ಮೆಥೊಡಿಸ್ಟರು ಆ ಕೂಟಕ್ಕೆ ಬರಲಿಲ್ಲ; ಹಾಗಾಗಿ ನಮ್ಮ ಗಂಜಿ ಕುಡಿದ ಹುಡುಗ ಇವತ್ತಿಗೂ ಮೆಥೊಡಿಸ್ಟ್, ಮೆಥೊಡಿಸ್ಟರ ಮೊಮ್ಮಗಳಾದ ನಾನು ಸಿ.ಎಸ್.ಐ. ತಂದೆಗೆ ಇದನ್ನೆಲ್ಲ ಹೇಳಿದೆ. "ಅವರು ಕೂಡಿದರು, ನೀವು ಬಿಟ್ಟು ಹೋದಿರಿ. ಎರಡೂ ಒಂದೇ ಏನಮ್ಮ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಮ್ಮ ಸಭೆಯಲ್ಲಿ ನನಗೆ ಹಿಡಿಸದ್ದೂ ಇದೆ. ಹಾಡುಗಳಲ್ಲಿ ಬಹಳಷ್ಟು ತೆಲುಗು, ತಮಿಳಿನಿಂದ ಬಂದವು. ಮಾತ್ರೆ ಕೂರದೆ ಕನ್ನಡದ ಪದಗಳು ಏದುಸಿರು ಬಿಡುತ್ತವೆ. ಡ್ರಮ್ಮಿನ ಸದ್ದಿಗೆ ಕೆಳಗಿನ ಅಂಗಡಿಯ ತಗಡು ಕೂಡ ತಾಳ ಹಾಕುತ್ತದೆ. ಆದರೆ ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ಮಗಳು ತಡವರಿಸದೆ ಕನ್ನಡ ಓದಲು ಕಲಿತದ್ದು ಅಲ್ಲಿನ ಸಂಡೆ ಸ್ಕೂಲಿನಲ್ಲಿ, ಸತ್ಯವೇದದ ಒಂದೊಂದೇ ವಚನ ಓದಿ. ಅದಕ್ಕಾಗಿ ಡ್ರಮ್ಮನ್ನು ಕ್ಷಮಿಸಿದ್ದೇನೆ.

ಲೆಕ್ಕದ ವಿಷಯ ಇನ್ನೊಂದು. ಡಯಾಸಿಸ್ ಇರುವಲ್ಲಿ ಪಾದ್ರಿಗಳಿಗೆ ವರ್ಗಾವಣೆ ಇರುತ್ತದೆ, ಲೆಕ್ಕ ಕೇಳಲು ಮೇಲಿನವರು ಇರುತ್ತಾರೆ. ಇಲ್ಲಿ ಬಾಡಿಗೆ, ಕರೆಂಟು, ಪಾಸ್ಟರ ಸಂಸಾರ ಎಲ್ಲವೂ ಕಾಣಿಕೆ ಚೀಲದಿಂದಲೇ. ಪಾಸ್ಟರಿಗೂ ಹಿರಿಯರಿಗೂ ಮನಸ್ತಾಪ ಬಂದರೆ ಸಭೆಯೇ ಎರಡು ಹೋಳು. ನಮ್ಮವರು ಸಭೆಯನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ವರ್ಷವರ್ಷ ಆಡಿಟ್ ಮಾಡಿಸಿ ಎಲ್ಲರೆದುರು ಓದುತ್ತಾರೆ. ಆ ದಿನ ಆಕಳಿಸುವವರೇ ಹೆಚ್ಚು. ಓದದ ಕಡೆಗೆ ಹೋಗಬೇಡಿ ಎಂದು ಮಾತ್ರ ಹೇಳುತ್ತೇನೆ.

ವಾರವಾರ ಯಾರೂ ಕೇಳದ ಆ ಪ್ರಶ್ನೆ ತಪ್ಪದೆ ಬರುವುದು ಎರಡು ಸಂದರ್ಭಗಳಲ್ಲಿ. ಒಂದು ಮದುವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಅದರ ಪ್ರಕಾರ ಸ್ವತಂತ್ರ ಸಭೆಯ ಪಾಸ್ಟರು ಮದುವೆ ನಡೆಸಬೇಕಾದರೆ ಸರ್ಕಾರದ ಲೈಸೆನ್ಸ್ ಇರಬೇಕು. ನಮ್ಮವರಿಗಿಲ್ಲ. ಹಾಗಾಗಿ ನಮ್ಮ ಹುಡುಗ ಹುಡುಗಿಯರು ಲೈಸೆನ್ಸ್ ಇರುವ ಬೇರೆ ಸಭೆಯ ಪಾಸ್ಟರನ್ನು ಕರೆಸುತ್ತಾರೆ, ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಂತೆ ಮೂವತ್ತು ದಿನದ ನೋಟಿಸ್ ಕೊಟ್ಟು ನೋಂದಣಿ ಕಚೇರಿಗೆ ಹೋಗುತ್ತಾರೆ. ಓಡಾಟವಾದರೂ ದಾರಿ ಇದೆ.

ಇನ್ನೊಂದಕ್ಕೆ ಮೂವತ್ತು ದಿನ ಕಾಯಲಾಗುವುದಿಲ್ಲ.

ನಮ್ಮ ಸಭೆಯಲ್ಲಿ ಗುಬ್ಬಿಯಿಂದ ಬರುವ ಒಬ್ಬ ಟೈಲರ್ ಇದ್ದರು. ಮಕ್ಕಳ ಕ್ರಿಸ್‌ಮಸ್ ನಾಟಕಕ್ಕೆ ದೇವದೂತರ ಅಂಗಿ, ಕುರುಬರ ಕಂಬಳಿ ಎಲ್ಲ ಅವರೇ ಹೊಲಿದು ಕೊಡುತ್ತಿದ್ದರು, ಕೂಲಿ ತೆಗೆದುಕೊಂಡವರಲ್ಲ. ಯಾವ ಹಳೆಯ ಚರ್ಚಿನ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಒಂದು ಶುಕ್ರವಾರ ಬೆಳಗ್ಗೆ ತೀರಿಕೊಂಡರು. ನಮ್ಮ ಸಭೆಗೆ ಸ್ವಂತ ಸ್ಮಶಾನವಿಲ್ಲ. ಒಂದು ಕಡೆ ಕೇಳಿದರೆ, "ನಮ್ಮ ಸದಸ್ಯರಿಗೆ ಮಾತ್ರ" ಎಂದರು. ಇನ್ನೊಂದು ಕಡೆ ಸಮಿತಿಯವರು ಊರಲ್ಲಿರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ; ಇದ್ದ ಜಾಗ ತುಂಬಿ, ಒಂದೇ ಮನೆಯವರನ್ನು ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರನ್ನು ಇಡುವ ಸ್ಥಿತಿ ಅವರದೂ. ಆದರೆ ಆ ಮಧ್ಯಾಹ್ನವಿಡೀ ಅಂಗಳದಲ್ಲಿ ಐಸ್ ಪೆಟ್ಟಿಗೆಯ ಪಕ್ಕ ಕೂತು ಫೋನ್ ಮಾಡುತ್ತಿದ್ದ ನಮಗೆ ನ್ಯಾಯ ಅನ್ಯಾಯ ತೂಗುವಷ್ಟು ಸಮಾಧಾನವಿರಲಿಲ್ಲ. ಕೊನೆಗೆ ಅವರ ತಮ್ಮ, ಕ್ರೈಸ್ತರಲ್ಲ, "ನಮ್ಮಣ್ಣನ್ನ ನಮ್ಮ ತೋಟದ ಬದಿಗೇ ಮಾಡೋಣ ಬನ್ನಿ" ಎಂದರು. ಕತ್ತಲಾಗಿತ್ತು. ಮೊಬೈಲ್ ಬೆಳಕಿನಲ್ಲಿ ಪಾಸ್ಟರು ಪ್ರಾರ್ಥನೆ ಓದಿದರು, ತಮ್ಮನ ಮನೆಯವರು ತಮ್ಮ ಪದ್ಧತಿಯಂತೆ ಮೂರು ಹಿಡಿ ಮಣ್ಣು ಹಾಕಿದರು.

ಮಣ್ಣು ಮುಚ್ಚಿದ ಮೇಲೆ ಟೈಲರ ಹೆಂಡತಿ ನನ್ನ ಕೈ ಹಿಡಿದು ಕೇಳಿದರು: "ನನ್ನನ್ನ ಎಲ್ಲಿಡ್ತೀರಮ್ಮ?"

ಅಲ್ಲಿಂದೀಚೆಗೆ ನಮ್ಮ ಸಭೆಯಲ್ಲಿ ಮೊದಲಿನ ಹಗುರ ಇಲ್ಲ. ಯಾರಿಗೂ ಸೇರದವರು ಎಂದು ಹೇಳಿಕೊಳ್ಳುವುದರಲ್ಲಿದ್ದ ಜಂಬ ಸ್ವಲ್ಪ ಇಳಿದಿದೆ. ಕೆಲವರು ಹಳೆಯ ಚರ್ಚುಗಳಲ್ಲಿ ಚಂದಾ ಕಟ್ಟಿ ಹೆಸರು ಉಳಿಸಿಕೊಂಡರು. ತಂದೆಯ ಮಾತಿನಂತೆ ನಾನೂ ಗುಬ್ಬಿಯ ಪಟ್ಟಿಯಲ್ಲಿ ಇದ್ದೇನೆ. ಹೆಸರು ಸೇರಿಸಲು ಹಳೆಯ ಚರ್ಚೇ ಇಲ್ಲದವರ ಸಲುವಾಗಿ, ಇತರ ಸಣ್ಣ ಸಭೆಗಳ ಹಿರಿಯರನ್ನೂ ಸಿ.ಎಸ್.ಐ., ಕ್ಯಾಥೊಲಿಕ್ ಪರಿಚಯಸ್ಥರನ್ನೂ ನಮ್ಮ ಮಹಡಿಗೆ ಕರೆದು ಕೂರಿಸಿ, ಎಲ್ಲ ಕ್ರೈಸ್ತರಿಗೂ ಆಗುವಂಥ ಒಂದು ಸ್ಮಶಾನಕ್ಕೆ ಸರ್ಕಾರಿ ಜಾಗ ಕೊಡಿ ಎಂದು ಅರ್ಜಿ ಬರೆದೆವು. ಅರ್ಜಿಯ ಮೊದಲ ವಾಕ್ಯಕ್ಕೇ ಅರ್ಧ ಗಂಟೆ ಹಿಡಿಯಿತು: 'ಕರ್ತನ ಕೃಪೆಯಿಂದ' ಎನ್ನಬೇಕೋ, 'ಪ್ರಭುವಿನ ಕೃಪೆಯಿಂದ' ಎನ್ನಬೇಕೋ. ನಮ್ಮ ಮನೆಯವರು ಅದನ್ನು ಹೊಡೆದುಹಾಕಿ, 'ಮಾನ್ಯರೇ' ಎಂದು ಶುರುಮಾಡಿದರು.

ಟೈಲರ ಹೆಂಡತಿ ಪ್ರತಿ ಭಾನುವಾರ ಗುಬ್ಬಿಯಿಂದ ಬರುತ್ತಾರೆ. ಮೆಟ್ಟಿಲು ಹತ್ತಿ ಉಸಿರು ಹಿಡಿದುಕೊಂಡು ಮೊದಲು ಕೇಳುವುದು ಜಾಗದ ವಿಚಾರ. ಕಳೆದ ವಾರ ಸರ್ವೆಯವರು ಬಂದು ಅಳತೆ ಮಾಡಿಕೊಂಡು ಹೋದರು ಎಂದೆ.

"ಎಷ್ಟು ಗುಂಟೆ?" ಎಂದರು.