ಗಾಳ ಸಣ್ಣದಾದರೆ ದಾರ ಎಷ್ಟು ದಪ್ಪ?



ಸಂಜೆ ಹೊತ್ತು ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂತವರನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಅನೇಕರು ಹಾಗೆ ಕೂತವರೇ. ಎರೆಹುಳು ಚುಚ್ಚಿ ಗಾಳ ಬಿಟ್ಟಾಯಿತು. ಬೆಂಡು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎತ್ತಿ ನೋಡಿದರೆ ಹುಳು ಮಾಯ, ಗಾಳ ಬೋಳು! ಮೀನು ಬಂದದ್ದೂ ನಿಜ, ತಿಂದದ್ದೂ ನಿಜ. ನಮಗೆ ಮಾತ್ರ ತಿಳಿಯಲಿಲ್ಲ. ಆಗ ಹುಳುವನ್ನು ದೂರುತ್ತೇವೆ, ಗಾಳವನ್ನು ದೂರುತ್ತೇವೆ, ಮನೆಯಿಂದ ಹೊರಟ ಗಳಿಗೆಯನ್ನೂ ದೂರುತ್ತೇವೆ. ದಾರದ ಕಡೆಗೆ ಯಾರೂ ನೋಡುವುದಿಲ್ಲ. ಇವತ್ತು ಆ ದಾರದ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ನೈಲಾನ್ ದಾರ ಸುರುಳಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬರುತ್ತದೆ. ಬಿಚ್ಚಿದ ಮೇಲೂ ಅದಕ್ಕೆ ಆ ಸುರುಳಿಯ ನೆನಪು ಹೋಗುವುದಿಲ್ಲ. ತುದಿಗೆ ಭಾರವಿದ್ದರೆ ನೇರವಾಗಿ ನಿಲ್ಲುತ್ತದೆ. ನಾವು ಕಟ್ಟುವುದು ಗೋಧಿ ಕಾಳಿನಷ್ಟು ಗಾಳ, ಒಂದು ಚೂರು ಹುಳು. ಇಷ್ಟು ಹಗುರಕ್ಕೆ ದಪ್ಪ ದಾರ ಎಲ್ಲಿ ನೇರವಾದೀತು? ನೀರಿನೊಳಗೆ ಅದು ಸುತ್ತುಸುತ್ತಾಗಿಯೇ ನಿಲ್ಲುತ್ತದೆ. ಮೀನು ಮೆಲ್ಲಗೆ ಎಳೆದರೆ ಆ ಎಳೆತವೆಲ್ಲ ಸುರುಳಿ ಬಿಚ್ಚುವುದರಲ್ಲೇ ಮುಗಿದುಹೋಗುತ್ತದೆ. ಬೆಂಡಿನವರೆಗೆ ಸುದ್ದಿ ಬರುವುದೇ ಇಲ್ಲ.

ಈ ಮಾತನ್ನು ಚೆನ್ನಾಗಿ ಅರಿತವರು ಹಿಮದ ನಾಡಿನ ಜನ. ಫಿನ್ಲೆಂಡ್ ದೇಶದಲ್ಲಿ ಚಳಿಗಾಲ ಬಂತೆಂದರೆ ಕೆರೆಗಳ ನೀರಿನ ಮೇಲ್ಭಾಗ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಜನ ಅದರ ಮೇಲೆಯೇ ನಡೆದುಹೋಗಿ, ಬಡಗಿ ಮರಕ್ಕೆ ಬೈರಿಗೆ ಹಾಕುವ ಹಾಗೆ ದೊಡ್ಡ ಬೈರಿಗೆಯಿಂದ ತೂತು ಕೊರೆಯುತ್ತಾರೆ. ಆ ತೂತಿನೊಳಗೆ ಚಿಕ್ಕ ಲೋಹದ ಹುಸಿಮೀನನ್ನೋ ಕಾಳಿನಂಥ ಗಾಳವನ್ನೋ ಬಿಟ್ಟು, ಮೊಳದುದ್ದದ ಕೋಲು ಹಿಡಿದು ಕೂರುತ್ತಾರೆ. ಚಳಿಯಲ್ಲಿ ಮೀನು ಜೋರಾಗಿ ಕಚ್ಚುವುದಿಲ್ಲ. ನೈಲಾನ್ ಕೂಡ ಚಳಿಗೆ ಮತ್ತಷ್ಟು ಬಿರುಸಾಗುತ್ತದೆ. ಆದ್ದರಿಂದ ಸಣ್ಣ ಗಾಳಕ್ಕೆ ಅವರು 0.12ರಿಂದ 0.16 ಮಿಲಿಮೀಟರ್ ದಪ್ಪದ ದಾರವನ್ನು ಹಾಕುತ್ತಾರೆ. ಹೆಣೆದ ದಾರ ನೀರು ಹೀರಿ ಹೊರಗೆ ಹೆಪ್ಪುಗಟ್ಟುವುದರಿಂದ, ಬಯಲಿನಲ್ಲಿ ಕೂರುವವರು ಹೆಚ್ಚಾಗಿ ಒಂಟಿ ಎಳೆಯನ್ನೇ ನಂಬುತ್ತಾರೆ. ನಮ್ಮ ಕೆರೆ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಸಣ್ಣ ಗಾಳದ ಧರ್ಮ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಅದೇ ಜಾತಿಯ ದಾರದ ದಪ್ಪ 2 ಪಟ್ಟಾದರೆ ಬಲ 4 ಪಟ್ಟಾಗುತ್ತದೆ. ಇದು ಲಾಭವೇ. ಆದರೆ ಬಾಗದೆ ಸೆಟೆದು ನಿಲ್ಲುವ ಬಿರುಸು 16 ಪಟ್ಟಾಗುತ್ತದೆ! ಬಲಕ್ಕೆಂದು ದಪ್ಪ ದಾರ ಕೊಂಡವರು ಈ ಬಿರುಸನ್ನೂ ಜೊತೆಗೆ ಕೊಂಡು ತರುತ್ತಾರೆ.

‘ಸಣ್ಣ ದಾರ ಕಡಿದುಹೋದರೆ ಏನಪ್ಪಾ ಗತಿ?’ ಅಂತ ಕೇಳುತ್ತೀರಿ. ಕೇಳಬೇಕಾದ ಮಾತೇ. ದಾರ ಕಡಿದರೆ ನಮ್ಮ ಸಾರು ಹೋದದ್ದಷ್ಟೇ ಅಲ್ಲ, ಆ ಮೀನು ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು ನರಳಬೇಕು. ಆದರೆ 0.20 ಮಿಲಿಮೀಟರಿನ ಒಳ್ಳೆಯ ನೈಲಾನ್ ಎಳೆ ಸುಮಾರು 3 ಕಿಲೋ ಎಳೆತವನ್ನು ತಡೆಯುತ್ತದೆ. ನೀರಿನಲ್ಲಿರುವ ಮೀನಿನ ಭಾರವನ್ನು ಬಹುಪಾಲು ನೀರೇ ಹೊರುತ್ತದೆ; ದಾರದ ಮೇಲೆ ಬೀಳುವುದು ಅದರ ಎಳೆತ ಮಾತ್ರ. ತುದಿ ಬಳುಕುವ ಬಿದಿರು ಕೋಲಿದ್ದರೆ ಆ ಎಳೆತವನ್ನು ಕೋಲೂ ಹಂಚಿಕೊಳ್ಳುತ್ತದೆ. ಮೀನನ್ನು ಜಗ್ಗಿ ಗಾಳಿಯಲ್ಲಿ ಎತ್ತಬೇಡಿ. ಅದು ದಣಿದ ಮೇಲೆ ದಡಕ್ಕೆ ತಂದು ಕೈಬಲೆಯಿಂದ ಎತ್ತಿರಿ.

ಹಾಗಾದರೆ ಯಾವುದಕ್ಕೆ ಯಾವ ದಾರ? ಪಕ್ಕೆ ಮೀನು, ಅಂಗೈಯಗಲದ ಜಿಲೇಬಿ ಮೀನು, ಇವಕ್ಕೆ 0.14ರಿಂದ 0.18 ಮಿಲಿಮೀಟರ್ ಸಾಕು. ಕಿಲೋ ಎರಡು ಕಿಲೋ ತೂಗುವ ಗೆಂಡೆ ಇರುವ ಕೆರೆಯಾದರೆ 0.20ರಿಂದ 0.25. ಜೊಂಡು, ತಾವರೆ ಬಳ್ಳಿ, ಮುಳುಗಿದ ಜಾಲಿ ಇರುವ ಕಡೆ ಕೊರವನಿಗೆ ಗಾಳ ಹಾಕುವವರು 0.30ಕ್ಕಿಂತ ಕಡಮೆ ಹೋಗಬಾರದು. ಅಲ್ಲಿ ಗಾಳವೂ ದೊಡ್ಡದು, ಮೇವೂ ಭಾರ, ದಪ್ಪ ದಾರ ಸಲ್ಲುತ್ತದೆ.

ಅಂಗಡಿಯಲ್ಲಿ ಸುರುಳಿಯ ಮೇಲಿನ ಅಂಕಿಯನ್ನು ಓದಿ ಕೊಳ್ಳಿರಿ. ಬಿಸಿಲಿಗೆ ನೇತುಹಾಕಿದ ಸುರುಳಿ ಬೇಡ; ಬಿಸಿಲು ನೈಲಾನಿನ ಬಲವನ್ನು ತಿನ್ನುತ್ತದೆ. ಎಳೆಯನ್ನು ಉಗುರಿನ ಮೇಲೆ ಹಾಯಿಸಿ ನೋಡಿ, ತರಿತರಿ ಸಿಕ್ಕರೆ ಬಿಟ್ಟುಬಿಡಿ. ಫ್ಲೂರೋಕಾರ್ಬನ್ ಎಂಬ ದಾರವೂ ಸಿಗುತ್ತದೆ. ಅದು ನೀರಿನಲ್ಲಿ ಕಾಣುವುದು ಕಡಮೆ, ಮುಳುಗುವುದು ಬೇಗ. ಆದರೆ ಬೆಲೆ ಹೆಚ್ಚು, ಬಿರುಸೂ ಹೆಚ್ಚು. ತಿಳಿನೀರಿಲ್ಲದ ನಮ್ಮ ಕೆಂಪು ಕೆರೆಗಳಿಗೆ ನೈಲಾನೇ ಸಾಕು.

ದಾರ ಕಡಿಯುವುದು ಹೆಚ್ಚಾಗಿ ಗಂಟಿನಲ್ಲಿ. ಸಾದಾ ಗಂಟು ದಾರದ ಅರ್ಧದಷ್ಟು ಬಲವನ್ನೂ ಕಳೆಯಬಹುದು. ಹೀಗೆ ಮಾಡಿ: ಗಾಳದ ಕಣ್ಣಿನಲ್ಲಿ ಎಳೆ ತೂರಿಸಿ, ಅದೇ ಎಳೆಗೆ 5 ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಕುಣಿಕೆಯೊಳಗೆ ತುದಿಯನ್ನು ಹಾಯಿಸಿ. ನೀರಿನಲ್ಲಿ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣ ಗಂಟನ್ನು ಎಳೆದರೆ ತಿಕ್ಕಾಟದ ಬಿಸಿಗೇ ದಾರ ಸೊರಗುತ್ತದೆ.

ಕೊನೆಯದಾಗಿ ಒಂದು ಮಾತು. ಹಳೆಯ ಹತ್ತಿ ನೂಲು ಕೊಳೆತು ಮಣ್ಣಾಗುತ್ತಿತ್ತು. ನೈಲಾನ್ ಎಷ್ಟೋ ವರ್ಷ ಹಾಗೆಯೇ ಬಿದ್ದಿರುತ್ತದೆ. ದಡದಲ್ಲಿ ಬಿಟ್ಟ ಒಂದು ಮಾರು ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೇಯುವ ಕರುವಿನ ಹೊಟ್ಟೆಗೂ ಸೇರುತ್ತದೆ. ತುಂಡು ದಾರವನ್ನು ಸುತ್ತಿ ಜೇಬಿಗೆ ಹಾಕಿ ಮನೆಗೆ ತನ್ನಿ. ಕೆರೆ ಗುತ್ತಿಗೆಗೆ ಹೋಗಿದ್ದರೆ ಮೊದಲು ಗುತ್ತಿಗೆದಾರರ ಒಪ್ಪಿಗೆ ಕೇಳಿ.

ಇನ್ನು ಮುಂದೆ ಗಾಳ ಬೋಳಾಗಿ ಬಂದರೆ ಗಳಿಗೆಯನ್ನು ದೂರಬೇಡಿ. ಒಂದು ನಂಬರು ಸಣ್ಣ ದಾರ ಕಟ್ಟಿ ನೋಡಿ. ಬೆಂಡು ತಾನೇ ಹೇಳುತ್ತದೆ.